ಒಂದು ಮೊಳೆಯ ಆಸರೆ

ಮಡಿಸುವ ಚಾಕುವೆಂಬುದು ಒಂದು ಪುಟ್ಟ ಸಂಸಾರ. ಅಲಗು, ಹಿಡಿ ಎಂಬ ಭಿನ್ನ ಸ್ವಭಾವದ ಎರಡನ್ನು ಒಂದೇ ಒಂದು ಮೊಳೆ ಕೂಡಿಸಿಟ್ಟಿರುತ್ತದೆ. ಮೊಳೆ ಬಿಗಿಯಾದರೆ ಉಗುರು ಮುರಿದರೂ ಅಲಗು ಹೊರಗೆ ಬರಲೊಲ್ಲದು. ಸಡಿಲವಾದರೆ ಅತ್ತಿತ್ತ ವಾಲಾಡುತ್ತದೆ. ಸೇಬಿನ ಸಿಪ್ಪೆ ತೆಗೆಯುವಾಗ ಈ ವಾಲಾಟ ತಮಾಷೆಯಾಗಿ ಕಂಡೀತು. ಹುರಿಹಗ್ಗ ಕೊಯ್ಯುವಾಗ ಅದು ಬೆರಳಿನ ಪ್ರಶ್ನೆ.

ಹಿಂದಿನ ಕಸುಬುದಾರರು ಮೊಳೆಯ ತುದಿಗಳನ್ನು ಸುತ್ತಿಗೆಯಿಂದ ಬಡಿದು ಅಗಲಿಸಿ ಈ ವ್ಯಾಜ್ಯವನ್ನು ಒಮ್ಮೆಗೇ ತೀರಿಸಿಬಿಡುತ್ತಿದ್ದರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ ಅವರು 1890ರಲ್ಲಿ ರೂಪಿಸಿದ ಚಾಕು ಈ ಬಗೆಯದು. ಮರದ ಹಿಡಿ, ಅದರ ಕೊರಳಿಗೊಂದು ಲೋಹದ ಪಟ್ಟಿ, ಅಲಗು, ಅಡ್ಡಮೊಳೆ; ಅಷ್ಟೆ. ಬಿಚ್ಚಿದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುಂಗುರ ಬಂದದ್ದು 1955ರಲ್ಲಿ. ಸರಳತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಒದ್ದೆಯಾದರೆ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಡಿಸಬೇಕು. ಸಂದಿಯಲ್ಲಿ ಸೇರಿದ ನಿಂಬೆರಸವನ್ನು ಒಳಹೊಕ್ಕು ಒರಸುವಂತಿಲ್ಲ.

ಬಿಚ್ಚಿ ಜೋಡಿಸುವ ಚಾಕುವಿನಲ್ಲಿ ಬಡಿದ ಮೊಳೆಯ ಜಾಗಕ್ಕೆ ತಿರುಪುಮೊಳೆ ಬಂದಿದೆ. ಎರಡು ಪಕ್ಕದಲ್ಲಿ ಲೋಹದ ತಗಡುಗಳು; ಅವುಗಳ ನಡುವೆ ಅಂತರ ಕಾಯುವ ಪುಟ್ಟ ಕಂಬಗಳು; ಅಲಗಿನ ಇಕ್ಕೆಲಗಳಲ್ಲಿ ಕಂಚಿನ ತೆಳು ವಾಷರುಗಳು; ತೆರೆದ ಅಲಗು ಬಂದು ಒರಗಲು ಒಂದು ತಡೆಗೂಟ. ಇವೆಲ್ಲ ಸ್ಕ್ರೂಗಳ ಮಾತು ಕೇಳುತ್ತವೆ. ಅಲಗಿನ ಬಿಗುವು ಈಗ ಯಜಮಾನನ ಕೈಯಲ್ಲಿ. ಅಧಿಕಾರದೊಡನೆ ತಾಪತ್ರಯವೂ ಬಂತು: ದಿನವೂ ತೆರೆದು ಮುಚ್ಚುವಲ್ಲಿ ಸ್ಕ್ರೂ ತಾನಾಗಿ ಸಡಿಲಗೊಳ್ಳುತ್ತದೆ. ಅದಕ್ಕಾಗಿ ಎಳೆಗಳಿಗೆ ಒಂದು ಹನಿ ಅಂಟು ಹಚ್ಚುವುದುಂಟು.

ದಕ್ಷಿಣ ಆಫ್ರಿಕದಿಂದ 1989ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಕ್ರಿಸ್ ರೀವ್ ಅವರು ತಮ್ಮ ‘ಸೆಬೆಂಜ’ ಚಾಕುವಿನಲ್ಲಿ ಬೇರೊಂದು ಉಪಾಯ ಹೂಡಿದರು. ಜುಲು ಭಾಷೆಯಲ್ಲಿ ಆ ಮಾತಿಗೆ ಕೆಲಸವೆಂದೇ ಅರ್ಥ. ಅಲಗಿನ ರಂಧ್ರದೊಳಗೆ ಒಂದು ಲೋಹದ ಕೊಳವೆ. ಅದರ ಉದ್ದವು ಅಲಗು ಮತ್ತು ವಾಷರುಗಳ ಒಟ್ಟು ದಪ್ಪಕ್ಕಿಂತ ಎಳ್ಳಷ್ಟೂ ಅಲ್ಲ, ಕೂದಲೆಳೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚು. ಸ್ಕ್ರೂವನ್ನು ಪೂರ್ತಿ ತಿರುಗಿಸಿದರೂ ತಗಡುಗಳು ಒತ್ತುವುದು ಕೊಳವೆಯನ್ನೇ ಹೊರತು ಅಲಗನ್ನಲ್ಲ. ಬಿಗಿಯೂ ಆಯಿತು, ಬಿಡುವೂ ಉಳಿಯಿತು! ಎಷ್ಟೋ ಮನೆಗಳಲ್ಲಿ ಇಷ್ಟು ಸಾಧಿಸಿಲ್ಲ.

ಬಿಚ್ಚಹೊರಟವರು ಮೊದಲು ಬಿಳಿಯ ಬಟ್ಟೆ ಹಾಸಿಕೊಳ್ಳುವುದು ಲೇಸು. ಉರುಳಿದ ವಾಷರು ಅಲಮಾರಿನ ಕೆಳಗೆ ಸೇರಿದರೆ ಮುಂದಿನ ಹಬ್ಬದ ಸುಣ್ಣಬಣ್ಣದವರೆಗೆ ಸಿಕ್ಕದು. ಸ್ಕ್ರೂವಿನ ತಲೆಯ ಗುಳಿ ಬಹುಮಟ್ಟಿಗೆ ನಕ್ಷತ್ರಾಕಾರದ್ದು. ಸರಿಯಾದ ಮೊನೆಯನ್ನೇ ಹಾಕಬೇಕು, ಇಲ್ಲದಿದ್ದರೆ ಅಂಚು ಸವೆದು ಅದು ಮತ್ತೆಂದೂ ಬಿಚ್ಚದು. ಒರಸಿ, ಒಂದು ಹನಿ ಎಣ್ಣೆ ಬಿಟ್ಟು, ಮರಳಿ ಜೋಡಿಸಿದ ಮೇಲೆ ಅಲಗನ್ನು ತೆರೆದು ಪಕ್ಕಕ್ಕೆ ಅಲುಗಿಸಿ ನೋಡಬೇಕು. ಬಳಿಕ ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲನೆ ಒತ್ತಿ ಬೀಗ ನಿಂತಿದೆಯೇ ಎಂದು ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ಬೆರಳುಗಳು ಅಲಗು ಮಡಚುವ ದಾರಿಯಿಂದ ದೂರವಿರಲಿ.