ಮೂರರಲ್ಲಿ ಎರಡು ಕಾಣೆ

ರಾಯಚೂರು ಜಿಲ್ಲೆಯ ಕುರ್ಡಿ, ಮಾನ್ವಿ ಕಡೆಯವರಿಗೆ ಹಳೆಯ ಚರ್ಚು ನೋಡಬೇಕೆನಿಸಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುದಗಲ್ಲಿಗೆ ಹೋದರಾಯಿತು. ಕೋಟೆಗೂ ಮೊಹರಮ್ಮಿಗೂ ಹೆಸರಾದ ಆ ಊರಿನಲ್ಲಿ ಗೋವೆಯ ಪಾದ್ರಿಗಳ ಕಾಲದಿಂದ ನಡೆದುಬಂದ ಕ್ರೈಸ್ತ ಮನೆತನಗಳಿವೆ, ಅವರ ಚರ್ಚೂ ಇದೆ. ಕೇಳಿದವರಿಗೆ ದಾರಿ ತೋರಿಸುವವರಿಗೂ ಬರವಿಲ್ಲ.

ಮಂಗಳೂರಿನದು ಬೇರೆಯೇ ಪಾಡು. ಇಗರ್ಜಿಗಳಿಗೆ ಕೊರತೆಯೇ ಇಲ್ಲದ ಆ ಊರು ಎರಡು ಇಗರ್ಜಿಗಳನ್ನು ಜಾಗದ ಸಮೇತ ಕಳೆದುಕೊಂಡು ಕೂತಿದೆ.

ಅವನ್ನು ಕಣ್ಣಾರೆ ಕಂಡು ಬರೆದಿಟ್ಟವನು ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನ ನೋಡಿಕೊಂಡು ಘಟ್ಟ ಇಳಿದ ಈತ, ಉಳ್ಳಾಲದ ರಾಣಿಯನ್ನು ಕಾಣುವ ಕುತೂಹಲದಲ್ಲಿ ಮಂಗಳೂರಿಗೂ ಬಂದ. ಪೋರ್ಚುಗೀಸರ ಕೋಟೆ ಅವನ ಕಣ್ಣಿಗೆ ಹಿಡಿಸಲಿಲ್ಲ. ಇಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಕಳಪೆ, ಯಾರದೋ ಮನೆಯಂತಿದೆ ಎಂದು ಮೂದಲಿಸಿದ. ಇಗರ್ಜಿಗಳ ಲೆಕ್ಕ ಮಾತ್ರ ಜೋಪಾನವಾಗಿ ಕೊಟ್ಟ. ಕೋಟೆಯೊಳಗೆ ರೊಸಾರಿಯೊ ಮಾತೆಯದು, ಹೊರಗೆ ಮಿಸೆರಿಕೋರ್ದಿಯಾ ಮತ್ತು ಸಂತ ಫ್ರಾನ್ಸಿಸ್. ಮೂರಕ್ಕೂ ಸೇರಿ ಪಾದ್ರಿಗಳು ಮೂವರೇ. ಸಂತ ಫ್ರಾನ್ಸಿಸ್‌ನಲ್ಲಿ ಇಬ್ಬರು ಫ್ರಾನ್ಸಿಸ್ಕನ್ ಸನ್ಯಾಸಿಗಳು; ಮಿಕ್ಕೆರಡರ ಹೊರೆ ಪುಡಿಗಾಸಿನ ಆದಾಯದ ಒಬ್ಬ ವಿಗಾರರ ಮೇಲೆ. ವಿಗಾರರ ಸಂಬಳದ ತನಕ ಗಮನಿಸಿದ ಪುಣ್ಯಾತ್ಮ, ಆ ಸಾಲಿನಲ್ಲೇ ದಿಕ್ಕು, ದೂರವನ್ನೂ ಸೇರಿಸಿಬಿಟ್ಟಿದ್ದರೆ!

ಹೀಗಾಗಿ ಹುಡುಕುವವರಿಗೆ ಗೂಟವೆಂದರೆ ರೊಸಾರಿಯೊ ಒಂದೇ. 1568ರಲ್ಲಿ ಹುಟ್ಟಿದ ಅದು, 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ನೆಲಸಮವಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಊರಿಗೆ ಮರಳಿದರು. 1813ರಲ್ಲಿ ಇಗರ್ಜಿ ಮತ್ತೆ ಎದ್ದಿತು. ಪಾಂಡೇಶ್ವರದ ಹತ್ತಿರ ಇಂದು ಕಾಣುವ ದೊಡ್ಡ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಪೋರ್ಚುಗಲ್ ದೊರೆಯ ಲಾಂಛನ ಕೆತ್ತಿದ ಹಳೆಯ ಕಲ್ಲೊಂದು ಅಲ್ಲಿ ಉಳಿದಿದೆ.

ಅಲ್ಲಿಂದ ಹೊರಗೆ ಕಾಲಿಟ್ಟರೆ ಬಂದರು, ಗೋದಾಮು, ಲಾರಿಗಳ ಸಾಲು. ಅತ್ತ ಜೆಪ್ಪುವಿನ ಕಡೆ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಹೂಡಿದ ಹೊಳೆದಂಡೆ. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯೂ ಇಲ್ಲೇ. ಮರಳು ಸರಿದಂತೆ ದಡವೂ ಸರಿಯುವ ಇಂಥ ನೆಲದಲ್ಲಿ ನಾಲ್ಕು ಶತಮಾನದ ಹಿಂದಿನ 'ಕೋಟೆಯ ಹೊರಗೆ' ಎಂಬುದನ್ನು ಇಂದಿನ ನಕ್ಷೆ ಹಿಡಿದು ಗುರುತಿಸಹೊರಟರೆ ಹೊಳೆಗೇ ಇಳಿಯಬೇಕಾದೀತು. ಮುರಕಲ್ಲಿನ ಗೋಡೆಯನ್ನು ನಂಬುವಂತೆಯೂ ಇಲ್ಲ. ಇಲ್ಲಿ ಬಾವಿಕಟ್ಟೆಯಿಂದ ಬಂಗಲೆಯವರೆಗೆ ಎಲ್ಲಕ್ಕೂ ಅದೇ ಕಲ್ಲು.

ಅಕ್ಷರವೋ ಶಿಲುಬೆಯೋ ಕೆತ್ತಿದ ಕಲ್ಲು ಸಿಕ್ಕರೆ ಮಾತ್ರ ಸುಳಿವು ಗಟ್ಟಿಯಾದೀತು. ಬಂದರು, ಪಾಂಡೇಶ್ವರದ ಆಸುಪಾಸಿನಲ್ಲಿ ಪಾಯ ತೋಡಿಸುವವರು ಅಂಥದ್ದೇನಾದರೂ ಮೇಲೆದ್ದರೆ ಮಣ್ಣಿನ ಜೊತೆ ಲಾರಿಗೆ ತುಂಬಿಸದೆ, ದಯವಿಟ್ಟು ಪುರಾತತ್ತ್ವ ಇಲಾಖೆಗೆ ಒಂದು ಫೋನು ಮಾಡಿ.