ಮರಳಿ ಬಂದ ವೀರ

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಇಂದು ಚಿಕ್ಕ ಊರು. ಆದರೆ ಅಲ್ಲಿನ ಕಲ್ಲೇಶ್ವರ ದೇವಾಲಯವು ರಾಷ್ಟ್ರಕೂಟರ ಹಾಗೂ ಕಲ್ಯಾಣದ ಚಾಲುಕ್ಯರ ಕಾಲವನ್ನು ಕಂಡುದು. ಅದರ ಶಾಸನಗಳು ಸಾವಿರ ವರ್ಷಗಳ ಹಿಂದಿನ ದಾನದತ್ತಿಗಳನ್ನು ಸಾರುತ್ತವೆ. ಆ ಸೀಮೆಯ ಜನರಿಗೆ ವೀರಗಲ್ಲು ಅಪರಿಚಿತವಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ತುರುಗಳನ್ನು ಕಾಯಲು ಹೋಗಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದುದೂ ಉಂಟು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು.

ಕಲ್ಲು ನಿಂತದ್ದು ಮಡಿದವನಿಗೆ. ಗಾಯಗೊಂಡು ಕುಂಟುತ್ತ ಮನೆಗೆ ಮರಳಿದವನ ವಿಷಯದಲ್ಲಿ ಶಿಲ್ಪಿಯ ಉಳಿ ಬಹುಮಟ್ಟಿಗೆ ಮೌನವಾಗಿದೆ.

ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನ ಇದಕ್ಕೊಂದು ಅಪವಾದ. ತಕ್ಕೋಲದಲ್ಲಿ ಚೋಳರೊಡನೆ ಕಾದಿ ಬದುಕಿಬಂದ ಮಣಲೇರನ ಶೌರ್ಯಕ್ಕೆ ಮೆಚ್ಚಿದ ಗಂಗರ ಇಮ್ಮಡಿ ಬೂತುಗನು, ಬೇಕಾದುದನ್ನು ಬೇಡೆಂದನು. ಮಣಲೇರನು ಬೇಡಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತಿತು. ಅದಕ್ಕೂ ಕಲ್ಲು ನಿಂತಿತು. ಮಣಲೇರನಿಗೆ ಆತಕೂರು ಮೊದಲಾದ ಊರುಗಳು ಬಾಳ್ಗಳ್ಚಾಗಿ, ಎಂದರೆ ಕತ್ತಿ ತೊಳೆದ ಸಲುವಾಗಿ, ದೊರೆತವು. ಕಾಳಗ ಮುಗಿಸಿ ಬಂದವನ ಕತ್ತಿಯ ನೆತ್ತರನ್ನು ತೊಳೆಯುವುದೂ ಒಡೆಯನ ಹೊಣೆಯೆಂದು ಆ ಕಾಲ ತಿಳಿದಿತ್ತು.

ಇಂದಿನ ಯೋಧನು ಮರಳುವುದು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಊರಿನವರು ತೆರೆದ ಜೀಪಿನಲ್ಲಿ ಅವನನ್ನು ನಿಲ್ಲಿಸಿ, ಹೂಮಾಲೆ ಹಾಕಿ, ಡೊಳ್ಳು ಬಾರಿಸಿ ಮೆರವಣಿಗೆ ಮಾಡುತ್ತಾರೆ. ಆ ಸಡಗರ ಸುಳ್ಳಲ್ಲ. ಆದರೆ ಅದರ ಆಯುಷ್ಯ ಒಂದು ದಿನ. ಮರುದಿನವೇ ಕಾಗದಪತ್ರಗಳ ಕಂತೆ ಹಿಡಿದು ಅವನು ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಸರ್ಕಾರಿ ಭೂಮಿಯ ಹಂಚಿಕೆಯಲ್ಲಿ ಮಾಜಿ ಸೈನಿಕರಿಗೆಂದು ರಾಜ್ಯದ ನಿಯಮಗಳು ಒಂದು ಪಾಲನ್ನು ಮೀಸಲಿಟ್ಟಿವೆ. ಕಾಗದದ ಮೇಲಿನ ಎಕರೆ ಉಳುವ ಎಕರೆಯಾಗುವಷ್ಟರಲ್ಲಿ ಕೆಲವರ ತಲೆ ನರೆತಿರುತ್ತದೆ.

ಪಿಂಚಣಿಯ ಕಥೆಯೂ ಇಂಥದೇ. ಒಂದೇ ದರ್ಜೆಯಲ್ಲಿ ಒಂದೇ ಅವಧಿ ದುಡಿದವರಿಗೆ, ನಿವೃತ್ತಿಯ ವರ್ಷ ಯಾವುದೇ ಇರಲಿ, ಸಮಾನ ಪಿಂಚಣಿ ದೊರೆಯಬೇಕೆಂಬ ಬೇಡಿಕೆ ದಶಕಗಳ ಕಾಲ ಕಾಯಿತು. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ವೃದ್ಧ ಸೈನಿಕರು ಎದೆಗೆ ಪದಕಗಳನ್ನು ಧರಿಸಿ ತಿಂಗಳುಗಟ್ಟಲೆ ಧರಣಿ ಕುಳಿತರು. ಆ ವರ್ಷದ ನವೆಂಬರಿನಲ್ಲಿ ಆದೇಶ ಹೊರಟಿತು. ಗಡಿಯಲ್ಲಿ ಹಿಮವನ್ನು ಸಹಿಸಿದವರಿಗೆ ರಾಜಧಾನಿಯ ಬಿಸಿಲೂ ಬಾಕಿಯಿತ್ತೆಂದು ತೋರುತ್ತದೆ.

ಬಹು ಮಂದಿ ಮತ್ತೊಂದು ಕೆಲಸ ಹಿಡಿಯುತ್ತಾರೆ. ಪಟ್ಟಣದ ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ನೆಟ್ಟಗೆ ನಿಂತವನನ್ನು ಯಾರು ತಾನೆ ಕಂಡಿಲ್ಲ? ಒಳಗೆ ಹೋಗುವ ರೈತನು ಅವನ ಮುಂದೆ ನಿಲ್ಲುತ್ತಾನೆ. ಸಿಯಾಚಿನ್ನಿನ ಚಳಿ ಹೇಗಿತ್ತೆಂದು ಕೇಳುವುದಕ್ಕಲ್ಲ. ಹಣ ಕಟ್ಟುವ ಚೀಟಿ ಎಲ್ಲಿ ಸಿಗುತ್ತದೆಂದು ಕೇಳುವುದಕ್ಕೆ. ಅವನು ಬಂದೂಕನ್ನು ಹೆಗಲಿಗೇರಿಸಿ, ಚೀಟಿಯನ್ನು ತಂದು, ಅಕ್ಷರ ಬಾರದವನಿಗೆ ತಾನೇ ತುಂಬಿಕೊಡುತ್ತಾನೆ.