ಇಪ್ಪತ್ತೈದು ಸುತ್ತು

ನಮ್ಮ ಕಾಕಾ ಕಟ್ಟುತ್ತಿದ್ದ ಕೈಗಡಿಯಾರ ಅಮೆರಿಕದ ಬುಲೋವಾ ಕಂಪನಿಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಆರಂಭವಾದಾಗ ಅದಕ್ಕೆ ಅಲ್ಲಿನ ಟೆನೆಸಿ ವಿಶ್ವವಿದ್ಯಾಲಯದ ನೆರವಿತ್ತು. ಹೆಬ್ಬಾಳದಿಂದ ಅಲ್ಲಿಗೆ ಹೋಗಿ ಓದಿ ಬಂದ ತರುಣ ಅಧ್ಯಾಪಕರಲ್ಲಿ ಕಾಕಾ ಒಬ್ಬರು. ಗಡಿಯಾರದ ಹಿಂಬದಿಯ ಮುಚ್ಚಳದ ಮೇಲೆ ‘ಎಂ6’ ಎಂಬ ಸಣ್ಣ ಮುದ್ರೆಯಿದೆ. ಬುಲೋವಾದವರ ಸಂಕೇತದಲ್ಲಿ ‘ಎಲ್’ ಎಂದರೆ 1950ರ ದಶಕ, ‘ಎಂ’ ಎಂದರೆ 1960ರ ದಶಕ. ಅದರ ಪಕ್ಕದ ಅಂಕಿ ವರ್ಷವನ್ನು ಸೂಚಿಸುತ್ತದೆ. ಅಂದರೆ ಇದು 1966ರ ಗಡಿಯಾರ. ಫಲಕದ ಕೆಳಭಾಗದಲ್ಲಿ ‘ಸೆಲ್ಫ್ ವೈಂಡಿಂಗ್’ ಎಂಬ ಅಕ್ಷರಗಳು ಇಂದಿಗೂ ಓದುವಂತಿವೆ. ಚಾವಿ ಕೊಡುವ ಅಗತ್ಯವಿಲ್ಲ, ಕಟ್ಟಿಕೊಂಡವನ ಕೈಯ ಚಲನೆಯಿಂದಲೇ ನಡೆಯುತ್ತದೆ ಎಂಬುದು ಅದರ ಭರವಸೆ.

ಕಾಕಾ ತೀರಿಕೊಂಡ ಮೇಲೆ ಅದು ಹಲವು ವರ್ಷ ಕಲಬುರಗಿಯ ಮನೆಯ ಕಪಾಟಿನಲ್ಲಿ ನಿಂತೇ ಇತ್ತು. ಈಗ ಅವರ ಮೊಮ್ಮಗ, ಅಂದರೆ ನಮ್ಮ ಅಕ್ಕನ ಮಗ, ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ಅಜ್ಜನ ಗಡಿಯಾರ ಅವನ ಕೈಯಲ್ಲಿರಲಿ ಎಂಬುದು ಅಕ್ಕನ ಆಸೆ. ವರ್ಗಾವಣೆಯ ನೌಕರಿಯಲ್ಲಿ ನಾಸಿಕಕ್ಕೆ ಬಂದು ನೆಲೆಸಿರುವ ನನಗೆ ಅದನ್ನು ಕಳುಹಿಸಿ, ದೊಡ್ಡ ಊರಿನಲ್ಲಿ ಯಾರಾದರೂ ಸಿಗುತ್ತಾರೆ, ಮೊದಲಿನ ಹಾಗೆ ಮಾಡಿಸಿಕೊಡು ಎಂದಳು.

‘ಮೊದಲಿನ ಹಾಗೆ’ ಎಂಬ ಮಾತು ಸರಳವಲ್ಲವೆಂದು ನಾಸಿಕದ ಮೇನ್ ರೋಡಿನ ಅಂಗಡಿಗಳಲ್ಲೇ ತಿಳಿಯಿತು. ಕೆನೆಬಣ್ಣದ ಫಲಕ ಕಂದಿದೆ, ಆರರ ಅಂಕಿಯ ಸುತ್ತ ಕಂದು ಕಲೆಯಿದೆ. ಒಬ್ಬರು ಫಲಕವನ್ನು ಮುಂಬಯಿಗೆ ಕಳಿಸಿ ಹೊಸದಾಗಿ ಬಣ್ಣ ಹಾಕಿಸೋಣ ಎಂದರು. ಇನ್ನೊಬ್ಬರು ಒಳಗಿನ ಯಂತ್ರವನ್ನೇ ತೆಗೆದು ಬ್ಯಾಟರಿಯದು ಕೂಡಿಸಿದರೆ ಮುಂದೆ ಯಾವ ತಾಪತ್ರಯವೂ ಇರದು ಎಂದರು. ಇಬ್ಬರೂ ಸದುದ್ದೇಶದಿಂದಲೇ ಹೇಳಿದ್ದು. ಹಳೆಯ ಗಡಿಯಾರಗಳ ಫಲಕಕ್ಕೆ ಹೊಸ ಬಣ್ಣ ಬಳಿಯುವುದು ಮುಂಬಯಿಯಲ್ಲಿ ದೊಡ್ಡ ಉದ್ಯೋಗ. ಅಲ್ಲಿಂದ ಹೊರಟ ಥಳಥಳಿಸುವ ‘ಹಳೆಯ’ ಗಡಿಯಾರಗಳು ಜಗತ್ತಿನಾದ್ಯಂತ ಮಾರಾಟವಾಗುತ್ತವೆ, ಬಲ್ಲ ಸಂಗ್ರಾಹಕರು ಅವನ್ನು ಕಂಡರೆ ದೂರ ಸರಿಯುತ್ತಾರೆ.

ಕಚೇರಿಯ ಕೆಲಸದ ಮೇಲೆ ನಾನು ಆಗಾಗ ಛತ್ರಪತಿ ಸಂಭಾಜಿನಗರಕ್ಕೆ ಹೋಗುವುದುಂಟು. ತಪೋವನ ಎಕ್ಸ್‌ಪ್ರೆಸ್ ಹತ್ತಿದರೆ ಮನಮಾಡ ದಾಟಿ ಮಧ್ಯಾಹ್ನದ ಹೊತ್ತಿಗೆ ಆ ಊರು. ಅಲ್ಲಿನ ಗುಲ್‌ಮಂಡಿಯ ಬಳಿ, ಮೂರು ಅಡಿ ಅಗಲದ ಅಂಗಡಿಯಲ್ಲಿ, ಚಾವಿ ಗಡಿಯಾರಗಳನ್ನಷ್ಟೇ ಮುಟ್ಟುವ ಒಬ್ಬ ವೃದ್ಧರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ನಾನು ಬಾಯಿ ತೆರೆದ ಕೂಡಲೆ, ‘ಗುಲ್ಬರ್ಗಾ ಕಡೆಯವರೇನು?’ ಎಂದು ಕೇಳಿದರು. ಮರಾಠವಾಡವೂ ನಮ್ಮ ಕಲಬುರಗಿ, ಬೀದರ್, ರಾಯಚೂರುಗಳೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಇಂದಿಗೂ ಎರಡು ಕಡೆಯೂ ಸೆಪ್ಟೆಂಬರ್ 17ರಂದೇ ವಿಮೋಚನೆಯ ಧ್ವಜ ಏರುತ್ತದೆ. ಗಡಿಗಳು ಬೇರೆಯಾದರೂ ನಾನು ಬಾಲ್ಯದಲ್ಲಿ ಓಣಿಯಲ್ಲಿ ಕಲಿತ ದಖನಿ ಅವರಿಗೆ ನೆರೆಮನೆಯ ಮಾತಿನಂತೆ ಕೇಳಿಸಿತು.

ಚಾಚಾ ಮುಚ್ಚಳ ತಿರುಗಿಸಿ ತೆಗೆದರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಅನಂತರ, ‘ಇದು ಆಟೋಮ್ಯಾಟಿಕ್ ಅಲ್ಲ ಸಾಬ್’ ಎಂದರು.

ಆಟೋಮ್ಯಾಟಿಕ್ ಗಡಿಯಾರದ ಒಳಗೆ ಅರ್ಧಚಂದ್ರದ ಆಕಾರದ ಒಂದು ಲೋಹದ ತೂಕ ಇರುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ಕೈ ಆಡಿದಂತೆ ಅದು ತಿರುಗಿ, ಹಲ್ಲುಚಕ್ರಗಳ ಮೂಲಕ ಸ್ಪ್ರಿಂಗನ್ನು ಬಿಗಿಯುತ್ತದೆ. ಇಂಗ್ಲೆಂಡಿನ ಜಾನ್ ಹಾರ್ವುಡ್ ಎಂಬ ಗಡಿಯಾರ ರಿಪೇರಿಗಾರ 1920ರ ದಶಕದಲ್ಲಿ ಕೈಗಡಿಯಾರಕ್ಕೆ ಈ ಉಪಾಯವನ್ನು ಅಳವಡಿಸಿ ಹಕ್ಕುಪತ್ರ ಪಡೆದ. ಕಾಕಾರ ಗಡಿಯಾರದಲ್ಲಿ ಆ ಅರ್ಧಚಂದ್ರವೇ ಇರಲಿಲ್ಲ. ಯಾರೋ ಬಹಳ ಹಿಂದೆಯೇ ತೆಗೆದುಹಾಕಿದ್ದರು.

ಬಾಲ್ಯದ ಒಂದು ದೃಶ್ಯಕ್ಕೆ ಆಗ ಅರ್ಥ ಬಂತು. ಕಾಕಾ ಪ್ರತಿ ಮುಂಜಾನೆ ಗಡಿಯಾರಕ್ಕೆ ಚಾವಿ ಕೊಡುತ್ತಿದ್ದರು. ಕೊಡುವಾಗ ತುಟಿ ಅಲುಗಿಸಿ ಇಪ್ಪತ್ತೈದರವರೆಗೆ ಎಣಿಸುತ್ತಿದ್ದರು. ನಾವು ಮಕ್ಕಳು ಅದನ್ನು ಜಪವೆಂದೇ ತಿಳಿದಿದ್ದೆವು. ಚಾಚಾ ವಿವರಿಸಿದರು: ಸಾಮಾನ್ಯ ಗಡಿಯಾರದಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಗುಂಡಿ ಮುಂದೆ ತಿರುಗದೆ ನಿಲ್ಲುತ್ತದೆ. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ, ಕೈ ದಿನವಿಡೀ ಆಡುತ್ತಿದ್ದರೆ ಸ್ಪ್ರಿಂಗ್ ತುಂಡಾಗಬಾರದೆಂದು ಅದರ ತುದಿ ಡಬ್ಬಿಯ ಗೋಡೆಗೆ ತಾಗಿ ಜಾರುವಂತೆ ಮಾಡಿರುತ್ತಾರೆ. ರೋಟರ್ ಹೋದರೂ ಆ ಸ್ಪ್ರಿಂಗ್ ಉಳಿದಿತ್ತು. ಎಷ್ಟು ತಿರುಗಿಸಿದರೂ ಗುಂಡಿ ನಿಲ್ಲದು. ಸಾಕೆಂದು ತಿಳಿಯಲು ಎಣಿಸಲೇಬೇಕು.

ಯಾವಾಗ ತೆಗೆದರು? ಉತ್ತರ ಮುಚ್ಚಳದ ಒಳಮೈಯಲ್ಲಿತ್ತು. ರಿಪೇರಿ ಮಾಡಿದವರು ಅಲ್ಲಿ ಸೂಜಿಯಿಂದ ದಿನಾಂಕವನ್ನೋ ತಮ್ಮ ಗುರುತನ್ನೋ ಗೀರುವುದು ಈ ಕಸುಬಿನ ಹಳೆಯ ರೂಢಿ. ನಮ್ಮದರಲ್ಲಿ ಐದು ಗುರುತುಗಳಿದ್ದವು. 71 ಮತ್ತು 74ರ ಗುರುತುಗಳ ಮೇಲೆ ಬಿಲ್ಲಿನಂತೆ ಬಾಗಿದ ಒಂದು ಉಜ್ಜಿದ ಗೆರೆ ಹಾದುಹೋಗಿತ್ತು. ಅಚ್ಚು ಸವೆದು ಜೋತ ರೋಟರ್ ಮುಚ್ಚಳಕ್ಕೆ ತಾಗಿ ತಾಗಿ ಮೂಡಿಸಿದ ಗೆರೆ ಅದು. ಆದರೆ ಉರ್ದು ಅಂಕಿಗಳಲ್ಲಿ ಬರೆದ 78 ಆ ಗೆರೆಯ ಮೇಲೆಯೇ ಸ್ಪಷ್ಟವಾಗಿ ಕೊರೆದಿತ್ತು, ಅದರ ಮೇಲೆ ಒಂದೂ ಉಜ್ಜಿದ ಕಲೆಯಿಲ್ಲ. ಅಂದರೆ 78ರ ಹೊತ್ತಿಗೆ ರೋಟರ್ ಹೋಗಿತ್ತು.

‘ತೆಗೆದವನು ಕಳ್ಳನಲ್ಲ, ಬುದ್ಧಿವಂತ’ ಎಂದರು ಚಾಚಾ. ಆ ಕಾಲದಲ್ಲಿ ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿತ್ತು. ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರಕ್ಕೆ ಬಿಡಿಭಾಗ ಓಣಿ ಓಣಿಯಲ್ಲೂ ಸಿಗುತ್ತಿತ್ತು; ಬುಲೋವಾಕ್ಕೆ ಎಲ್ಲಿಂದ ಬರಬೇಕು? ಸವೆದ ರೋಟರನ್ನು ಹಾಗೆಯೇ ಬಿಟ್ಟಿದ್ದರೆ ಲೋಹದ ಪುಡಿ ಉದುರಿ ಇಡೀ ಯಂತ್ರ ಕೆಡುತ್ತಿತ್ತು. ಹೆಸರಿಲ್ಲದ ಆ ರಿಪೇರಿಗಾರ ಕೆಟ್ಟದ್ದನ್ನು ಬಿಡಿಸಿ ಉಳಿದದ್ದನ್ನು ಉಳಿಸಿದ. ಆತನಿಂದಾಗಿ ಗಡಿಯಾರ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಚಾಚಾ ಯಂತ್ರವನ್ನು ಬಿಚ್ಚಿ ತೊಳೆಯಲು ಎರಡು ವಾರ ಕೇಳಿದರು. ಮತ್ತೆ ಹೋದಾಗ ಒಣಗಿ ಅಂಟಾಗಿದ್ದ ಎಣ್ಣೆಯೆಲ್ಲ ಹೋಗಿ, ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಬಾರಿ ಲಯವಾಗಿ ತುಯ್ಯುತ್ತಿತ್ತು. ದಿನಕ್ಕೆ ಅರ್ಧ ನಿಮಿಷದೊಳಗಿನ ವ್ಯತ್ಯಾಸ. ಅದರ ಪಕ್ಕದಲ್ಲಿ ಅವರು ಇನ್ನೊಂದು ವಸ್ತುವನ್ನಿಟ್ಟರು: ತಮ್ಮ ತಗಡಿನ ಡಬ್ಬಿಯಲ್ಲಿದ್ದ, ಅದೇ ಮಾದರಿಯ ಸತ್ತ ಬುಲೋವಾ ಯಂತ್ರದ ಆಟೋಮ್ಯಾಟಿಕ್ ಭಾಗ, ರೋಟರ್ ಸಮೇತ. ಕೂಡಿಸಿ ನೋಡಿದ್ದೇನೆ, ಸರಿಯಾಗಿ ಕೂಡುತ್ತದೆ ಎಂದರು.

ಬೇರೊಂದು ಗಡಿಯಾರದ ಭಾಗ ಇದಕ್ಕೆ ಕೂಡುವುದು ಅಮೆರಿಕ ಗಡಿಯಾರ ಲೋಕಕ್ಕೆ ಕೊಟ್ಟ ಕೊಡುಗೆ. ಅದಕ್ಕೂ ಮೊದಲು ಕುಶಲಕರ್ಮಿ ಪ್ರತಿ ಭಾಗವನ್ನೂ ಆ ಒಂದು ಗಡಿಯಾರಕ್ಕೆಂದೇ ಅರದಿಂದ ಉಜ್ಜಿ ಹೊಂದಿಸುತ್ತಿದ್ದ. 1850ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರನ್ ಡೆನಿಸನ್ ಮತ್ತು ಸಂಗಡಿಗರು ಆರಂಭಿಸಿದ, ಮುಂದೆ ವಾಲ್ಥಂ ಊರಿನ ಹೆಸರಿನಿಂದ ಪ್ರಸಿದ್ಧವಾದ ಕಾರ್ಖಾನೆ, ಯಂತ್ರದಿಂದಲೇ ಒಂದರಂತೆ ಒಂದಿರುವ ಭಾಗಗಳನ್ನು ತಯಾರಿಸಲು ಹೊರಟಿತು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅದನ್ನು ಕಂಡ ಸ್ವಿಸ್ ಪ್ರತಿನಿಧಿಗಳು ಗಾಬರಿಗೊಂಡು ಊರಿಗೆ ಮರಳಿ, ತಾವೂ ಅದೇ ದಾರಿ ಹಿಡಿಯಬೇಕೆಂದರು. ನ್ಯೂಯಾರ್ಕಿನ ಬುಲೋವಾ ಕೂಡ ಸ್ವಿಟ್ಜರ್ಲೆಂಡಿನ ಬೀಲ್ ನಗರದಲ್ಲಿ ಕಾರ್ಖಾನೆ ಇಟ್ಟುಕೊಂಡಿತ್ತು.

ಹಾಕಲೇ ಬೇಡವೇ ಎಂದು ಚಾಚಾ ಕೇಳಿದರು. ಸಂಜೆಯೊಳಗೆ ಹೇಳುತ್ತೇನೆಂದು ಎದ್ದು ಪನಚಕ್ಕಿಯ ಕಡೆ ನಡೆದೆ. ದೂರದ ಗುಡ್ಡದಿಂದ ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ನೀರು ತಂದು, ಆ ನೀರಿನ ಬಲದಿಂದಲೇ ಬೀಸುಕಲ್ಲು ತಿರುಗಿಸಿ ದರ್ಗಾಕ್ಕೆ ಬಂದವರಿಗೆ ಹಿಟ್ಟು ಬೀಸುತ್ತಿದ್ದ ಗಿರಣಿ ಅದು. ತಾನೇ ತಿರುಗುವ ಕಲ್ಲು ಎಂದು ಪ್ರವಾಸಿಗರು ಬೆರಗಾಗುತ್ತಾರೆ. ಆದರೆ ಹೂಳು ತೆಗೆದು ಕಾಲುವೆ ಕಾಯುವವರಿಲ್ಲದೆ ಅದು ಒಂದು ವರ್ಷವೂ ತಿರುಗಿರಲಾರದು. ತಾನೇ ನಡೆಯುವ ಯಂತ್ರವೆಂಬುದು ಎಲ್ಲೂ ಇಲ್ಲ. ನಡೆಸುವವರು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ನನ್ನ ಮುಂದಿದ್ದ ಪ್ರಶ್ನೆ ತೂಕದ್ದೇ ಆಗಿತ್ತು. ರೋಟರ್ ಹಾಕಿದರೆ ಗಡಿಯಾರ 1966ರಲ್ಲಿ ಅಂಗಡಿಯಿಂದ ಹೊರಬಂದಂತೆ ಆಗುತ್ತದೆ. ಹಾಕದಿದ್ದರೆ ಕಾಕಾ ತಮ್ಮ ಆಯುಷ್ಯದ ಬಹುಭಾಗ ಕಟ್ಟಿಕೊಂಡಿದ್ದ ಗಡಿಯಾರವಾಗಿ ಉಳಿಯುತ್ತದೆ. ಎರಡೂ ‘ಮೊದಲಿನ ಹಾಗೆ’ಯೇ. ಅಕ್ಕನಿಗೆ ಫೋನು ಮಾಡಿದೆ. ‘ಹಾಕಿಸಿಬಿಡು, ಪೂರ್ತಿ ಆಗಲಿ’ ಎಂದಳು. ಹಿಂದಿನಿಂದ ಕಾಕೂ ಫೋನು ಇಸಿದುಕೊಂಡರು.

‘ತಮ್ಮಾ, ಆ ಹುಡುಗ ದಿನಾ ಹನ್ನೆರಡು ತಾಸು ಕಂಪ್ಯೂಟರ್ ಮುಂದ ಕುಂತಿರ್ತಾನ. ಕೈ ಅಲುಗಾಡಿದರ ಅಲ್ಲೇನು ಅದು ತುಂಬೂದು? ಹೊಲದಾಗ ತಿರುಗಾಡೋ ನಿಮ್ಮ ಕಾಕಾನೇ ಚಾವಿ ಕೊಡತಿದ್ದರು. ಅವನಿಗೂ ಚಾವಿ ಕೊಡೂದು ಕಲಿಸು.’

ಚಾಚಾ ಈ ಮಾತು ಕೇಳಿ ನಕ್ಕರು. ಈಗಿನ ಕಾಲದಲ್ಲಿ ಆಟೋಮ್ಯಾಟಿಕ್ ನಿಂತುಹೋಯಿತೆಂದು ಬರುವ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿಯ ಗಡಿಯಾರಕ್ಕೆ ಏನೂ ಆಗಿರುವುದಿಲ್ಲ, ಅವರ ಕೈಗೆ ಕೆಲಸವಿರುವುದಿಲ್ಲ ಎಂದರು. ಕೊನೆಗೆ ರೋಟರ್ ಇರುವ ಭಾಗವನ್ನೂ ಅದರ ತಿರುಪುಗಳನ್ನೂ ಒಂದು ಸಣ್ಣ ಡಬ್ಬಿಯಲ್ಲಿಟ್ಟು ಗಡಿಯಾರದ ಜೊತೆಗೇ ಕಳುಹಿಸುವುದೆಂದು ನಿರ್ಧರಿಸಿದೆ. ಹುಡುಗನಿಗೆ ಮುಂದೆಂದಾದರೂ ಬೇಕೆನಿಸಿದರೆ ಯಾವ ಊರಿನ ರಿಪೇರಿಗಾರನಾದರೂ ಅರ್ಧ ತಾಸಿನಲ್ಲಿ ಕೂಡಿಸಬಲ್ಲ. ಬಣ್ಣ ಬಳಿದ ಫಲಕಕ್ಕೆ ಈ ಅನುಕೂಲವಿಲ್ಲ. ಅಳಿಸಿದ ಕಲೆಯನ್ನು ಮತ್ತೆ ತರಲಾಗದು. ಆದ್ದರಿಂದ ಫಲಕವನ್ನು ಮುಟ್ಟಲಿಲ್ಲ. ಅಕ್ಕ ಪೂರ್ತಿ ಒಪ್ಪಿದಳೆಂದು ಹೇಳಲಾರೆ. ‘ಬೇಕಾದರ ಅವನೇ ಹಾಕಿಸ್ಕೊಳ್ಳಲಿ ಬಿಡು’ ಎಂದಳು.

ಚಾಚಾ ತೊಳೆದು ಎಣ್ಣೆ ಹಾಕಿದ್ದಕ್ಕೆ ಮಾತ್ರ ಹಣ ತೆಗೆದುಕೊಂಡರು, ರೋಟರಿಗೆ ಬೇಡವೆಂದರು. ಮುಚ್ಚಳ ಹಾಕುವ ಮೊದಲು ಅದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಐದು ಗುರುತುಗಳ ಕೆಳಗೆ ಉಳಿದಿದ್ದ ಜಾಗದಲ್ಲಿ ಸೂಜಿಯಿಂದ ಆ ದಿನದ ತಿಂಗಳು, ವರ್ಷಗಳನ್ನು ಉರ್ದು ಅಂಕಿಗಳಲ್ಲಿ ಗೀರಿದರು. ಅಂಕಿಗಳು ಬಹಳ ಚಿಕ್ಕವು. ಇನ್ನೂ ಇಬ್ಬರು ಮೂವರು ಬರೆಯುವಷ್ಟು ಸ್ಥಳ ಬಿಟ್ಟಿದ್ದಾರೆ.